ಕಡಲೆಕಾಯಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇರುತ್ತಂತೆ, ಬಿಡಬೇಕಾ ಸಾರ್?

ಪ್ರಶ್ನೆ: ನಮ್ಮ ಯಜಮಾನರಿಗೆ ಬ್ಲಡ್ ಟೆಸ್ಟ್‌ನಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆ. ಕಡಲೆಕಾಯಿ ಎಣ್ಣೆ ಬಿಟ್ಟುಬಿಡಿ, ಅದರಲ್ಲಿ ಕೊಲೆಸ್ಟ್ರಾಲ್ ಇರುತ್ತೆ, ‘ಕೊಲೆಸ್ಟ್ರಾಲ್ ಫ್ರೀ’ ಅಂತ ಬರೆದಿರೋ ಸನ್‌ಫ್ಲವರ್ ತಗೊಳ್ಳಿ ಅಂತ ನೆಂಟರೆಲ್ಲ ಹೇಳ್ತಿದ್ದಾರೆ. ನಮ್ಮದು ಹೊಲದಲ್ಲೇ ಬೆಳೆದ ಕಾಯಿ, ಗಾಣದಲ್ಲಿ ಮಾಡಿಸಿಕೊಂಡು ಬರೋ ಎಣ್ಣೆ. ಬಿಡಬೇಕಾ ಸಾರ್?
– ಮಧುಗಿರಿ ತಾಲ್ಲೂಕಿನ ಓದುಗರು

ಉತ್ತರ: ಬಿಡಬೇಡಿ ತಾಯಿ. ಕಡಲೆಕಾಯಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದೇ ಪ್ರಶ್ನೆಯನ್ನು ಪಾವಗಡದವರು ಕೇಳಿದ್ದಾರೆ, ಶಿರಾದವರು ಕೇಳಿದ್ದಾರೆ, ಚಿಂತಾಮಣಿಯಿಂದಲೂ ಬಂದಿದೆ. ಎಣ್ಣೆಯ ಹೆಸರು ಬದಲಾಗುತ್ತದೆ, ಅನುಮಾನ ಮಾತ್ರ ಅದೇ. ಉತ್ತರ ಓದಿದವರೇ ಮುಂದಿನ ತಿಂಗಳು ಮತ್ತೆ ಕೇಳುತ್ತಾರೆ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಸಮಾಧಾನವಾಗಿ ಓದಿ.

ಕೊಲೆಸ್ಟ್ರಾಲ್ ತಯಾರಿಸುವುದು ಪ್ರಾಣಿಗಳ ದೇಹ. ಗಿಡಗಳಿಗೆ ಅದರ ಅಗತ್ಯವಿಲ್ಲ. ಅವು ಕೊಲೆಸ್ಟ್ರಾಲಿನ ಜಾತಿಗೇ ಸೇರಿದ ತಮ್ಮದೇ ಬೇರೆ ಸ್ಟೆರಾಲ್‌ಗಳನ್ನು ಮಾಡಿಕೊಳ್ಳುತ್ತವೆ. ಕಡಲೆಕಾಯಿ, ಸೂರ್ಯಕಾಂತಿ, ಎಳ್ಳು, ಹುಚ್ಚೆಳ್ಳು, ಕುಸುಬೆ, ಸಾಸಿವೆ, ತೆಂಗು, ತಾಳೆ, ಯಾವುದನ್ನೇ ಹಿಂಡಿ ಎಣ್ಣೆ ತೆಗೆದರೂ ಅದರಲ್ಲಿ ಕೊಲೆಸ್ಟ್ರಾಲ್ ಸಿಗುವುದಿಲ್ಲ. ಲ್ಯಾಬಿನಲ್ಲಿ ತೀರಾ ಸೂಕ್ಷ್ಮವಾಗಿ ಹುಡುಕಿದರೆ ಕಾಣುವ ಚೂರುಪಾರು ಲೆಕ್ಕಕ್ಕೇ ಬರುವುದಿಲ್ಲ. ಗಾಣದ್ದಾದರೂ ಅಷ್ಟೇ, ಮಿಲ್‌ನದ್ದಾದರೂ ಅಷ್ಟೇ, ಪ್ಯಾಕೆಟ್ಟಿನದ್ದಾದರೂ ಅಷ್ಟೇ.

ಹಾಗಾದರೆ ಪ್ಯಾಕೆಟ್ ಮೇಲೆ ‘ಕೊಲೆಸ್ಟ್ರಾಲ್ ಫ್ರೀ’ ಅಂತ ಯಾಕೆ ಬರೆಯುತ್ತಾರೆ? ಬರೆದಿದ್ದು ಸುಳ್ಳಲ್ಲ. ‘ನಮ್ಮ ಬಾಳೆಹಣ್ಣಿನಲ್ಲಿ ಮೂಳೆ ಇಲ್ಲ’ ಅಂತ ಬೋರ್ಡು ಹಾಕಿದರೂ ಸುಳ್ಳಾಗುವುದಿಲ್ಲ, ಅಲ್ವಾ? ಓದಿದವರಿಗೆ ಮಾತ್ರ ಪಕ್ಕದ ಅಂಗಡಿಯ ಹಣ್ಣಿನಲ್ಲಿ ಮೂಳೆ ಇರಬಹುದೇನೋ ಅನ್ನಿಸಿಬಿಡುತ್ತದೆ. ನಮ್ಮ ಕಡಲೆಕಾಯಿ ಎಣ್ಣೆಗೆ ಆಗಿರುವುದು ಇದೇ ಗತಿ. ಎಣ್ಣೆ ಪ್ಯಾಕೆಟ್ ಮೇಲೆ ‘ಡಬಲ್ ರಿಫೈನ್ಡ್’, ‘ಕೊಲೆಸ್ಟ್ರಾಲ್ ಫೈಟರ್’, ‘ಆಂಟಿ ಕೊಲೆಸ್ಟ್ರಾಲ್’ ಎಂಬಂಥ ಉತ್ಪ್ರೇಕ್ಷೆಯ ಮಾತು ಬರೆಯಬಾರದು ಎಂದು ನಮ್ಮ ಆಹಾರ ಸುರಕ್ಷತಾ ನಿಯಮಗಳಲ್ಲಿ 2011ರಲ್ಲೇ ಬಂದಿದೆ. ಪ್ಯಾಕೆಟ್ಟಿನಿಂದ ಅಳಿಸಿದರೂ ಜನರ ತಲೆಯಿಂದ ಅಳಿಸುವುದು ಕಷ್ಟ ನೋಡಿ.

ನಿಜವಾಗಿ ಕೊಲೆಸ್ಟ್ರಾಲ್ ಇರುವುದು ತುಪ್ಪ, ಬೆಣ್ಣೆ, ಕೆನೆ, ಮೊಟ್ಟೆಯ ಹಳದಿ, ಮಾಂಸದಲ್ಲಿ. 100 ಗ್ರಾಂ ತುಪ್ಪದಲ್ಲಿ ಸುಮಾರು 250ರಿಂದ 300 ಮಿಲಿಗ್ರಾಂ, ಒಂದು ಮೊಟ್ಟೆಯಲ್ಲಿ 180ರ ಆಸುಪಾಸು. ಎಣ್ಣೆ ಬದಲಾಯಿಸಿ ನೆಮ್ಮದಿಯಾಗಿದ್ದವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮೇಲೆ ಎರಡೆರಡು ಸಲ ಬೆಣ್ಣೆ ಹಾಕಿಸಿಕೊಳ್ಳುವುದನ್ನು ನೋಡಿದ್ದೇನೆ. ಏನು ಹೇಳೋದು!

ಇನ್ನೊಂದು ಮಾತಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ರಕ್ತದಲ್ಲಿ ಕೊಲೆಸ್ಟ್ರಾಲ್ ಏರಲು ನೀವು ತಿಂದ ಕೊಲೆಸ್ಟ್ರಾಲೇ ಮುಖ್ಯ ಕಾರಣವಲ್ಲ. ದೇಹದಲ್ಲಿರುವ ಕೊಲೆಸ್ಟ್ರಾಲಿನ ದೊಡ್ಡ ಪಾಲು ದೇಹವೇ ಮಾಡಿಕೊಂಡದ್ದು. ಅದರಲ್ಲಿ ಲಿವರ್‌ನದು ದೊಡ್ಡ ಕೈ. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್‌ಕೋವ್ ಎಂಬ ವಿಜ್ಞಾನಿ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ, ಅವುಗಳ ರಕ್ತನಾಳದಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದರು. ದೊಡ್ಡ ಕೆಲಸವೇ. ಆದರೆ ಮೊಲ ಸೊಪ್ಪು ತಿನ್ನುವ ಪ್ರಾಣಿ, ಕೊಲೆಸ್ಟ್ರಾಲ್ ತಿಂದು ಅದಕ್ಕೆ ಅಭ್ಯಾಸವಿಲ್ಲ. ಮನುಷ್ಯರ ದೇಹ ಹೊರಗಿನಿಂದ ಜಾಸ್ತಿ ಬಂದರೆ ಒಳಗೆ ಮಾಡುವುದನ್ನು ತಕ್ಕಮಟ್ಟಿಗೆ ಕಡಿಮೆ ಮಾಡಿಕೊಳ್ಳುತ್ತದೆ. ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಎಂದು ದಶಕಗಳ ಕಾಲ ಹೇಳುತ್ತಿದ್ದ ಅಮೆರಿಕದ ಆಹಾರ ಮಾರ್ಗಸೂಚಿ, 2015ರ ಆವೃತ್ತಿಯಲ್ಲಿ ಆ ಅಂಕಿಯನ್ನೇ ಕೈಬಿಟ್ಟಿತು. ಹಾಗಂತ ದಿನಾ ನಾಲ್ಕು ಮೊಟ್ಟೆ ತಿನ್ನಿ ಅಂತ ಅರ್ಥ ಮಾಡಿಕೊಳ್ಳಬೇಡಿ. ಕೆಲವರಿಗೆ ತಿಂದ ಕೊಲೆಸ್ಟ್ರಾಲಿನಿಂದಲೂ ರಕ್ತದ ಕೊಲೆಸ್ಟ್ರಾಲ್ ಚೆನ್ನಾಗಿಯೇ ಏರುತ್ತದೆ.

ಹೆಚ್ಚು ಏರಿಸುವುದು ಯಾವುದು ಹಾಗಾದರೆ? ಸ್ಯಾಚುರೇಟೆಡ್ ಕೊಬ್ಬು, ಅಂದರೆ ತುಪ್ಪ, ಬೆಣ್ಣೆಯಲ್ಲಿ ಹೆಚ್ಚಾಗಿರುವ, ತಣ್ಣಗಾದರೆ ಗಟ್ಟಿಯಾಗುವ ಬಗೆಯ ಕೊಬ್ಬು. ಲಿವರ್‌ನ ಜೀವಕೋಶಗಳ ಮೇಲೆ ರಿಸೆಪ್ಟರ್‌ಗಳಿವೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಓಡಾಡುವ ಎಲ್‌ಡಿಎಲ್ ಕಣಗಳನ್ನು (‘ಕೆಟ್ಟ ಕೊಲೆಸ್ಟ್ರಾಲ್’ ಅನ್ನುವುದು ಇದನ್ನೇ) ಹಿಡಿದು ಒಳಗೆಳೆದುಕೊಳ್ಳುವುದು ಅವುಗಳ ಕೆಲಸ. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಈ ರಿಸೆಪ್ಟರ್‌ಗಳ ಕೆಲಸ ಕುಗ್ಗುತ್ತದೆ. ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ನಿಮ್ಮ ಯಜಮಾನರ ರಿಪೋರ್ಟಿನಲ್ಲಿ ಡಾಕ್ಟರು ಮೊದಲು ನೋಡುವ ಸಾಲು ಅದೇ.

ಈಗ ಲೆಕ್ಕ ನೋಡಿ. ಕಡಲೆಕಾಯಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಪಾಲು ಶೇ 20ರೊಳಗೆ. ಸೂರ್ಯಕಾಂತಿಯಲ್ಲಿ ಸುಮಾರು ಶೇ 11. ಅದೂ ಒಳ್ಳೆಯ ಎಣ್ಣೆಯೇ, ನಾನು ಬೈಯುತ್ತಿಲ್ಲ. ಬೇಕಾದರೆ ಒಂದು ತಿಂಗಳು ಅದು, ಒಂದು ತಿಂಗಳು ಇದು ಬಳಸಿ. ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ. ಕೊಬ್ಬರಿ ಎಣ್ಣೆಯಲ್ಲಿ ಶೇ 80ಕ್ಕೂ ಮೇಲೆ.

ಇಲ್ಲಿಗೆ ತಿಪಟೂರಿನವರು ಜಗಳಕ್ಕೆ ಬರುತ್ತಾರೆ. ‘ಕೊಬ್ಬರಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ ಅಂತ ನೀವೇ ಹೇಳಿದ್ರಲ್ಲ?’ ಹೌದು ಸ್ವಾಮಿ, ಇಲ್ಲ. ಆದರೂ ಅದು ರಕ್ತದ ಎಲ್‌ಡಿಎಲ್ ಏರಿಸುತ್ತದೆ. ಇನ್ನೂ ನಂಬಿಕೆ ಬರದಿದ್ದರೆ ವನಸ್ಪತಿ ನೆನಪಿಸಿಕೊಳ್ಳಿ. ಮದುವೆ ಮನೆಯಲ್ಲಿ ಡಬ್ಬಗಟ್ಟಲೆ ಸುರಿಯುತ್ತಿದ್ದರಲ್ಲ, ಅದೂ ಗಿಡದ ಎಣ್ಣೆಯೇ. ಅದರಲ್ಲೂ ಕೊಲೆಸ್ಟ್ರಾಲ್ ಇರಲಿಲ್ಲ. ಆದರೆ ದ್ರವ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸುವುದರ ಜೊತೆಗೆ ಒಳ್ಳೆಯದೆನ್ನುವ ಎಚ್‌ಡಿಎಲ್ಲನ್ನೂ ಇಳಿಸುತ್ತದೆ. ಹೃದಯಕ್ಕೆ ಅದಕ್ಕಿಂತ ಕೆಟ್ಟ ಕೊಬ್ಬು ಇನ್ನೊಂದಿಲ್ಲ. ಭಾರತದಲ್ಲಿ ಅದರ ಮಿತಿಯನ್ನು 2022ರಿಂದ ಶೇ 2ಕ್ಕೆ ಇಳಿಸಿದ್ದಾರೆ. ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇದೆಯಾ ಇಲ್ಲವಾ ಅನ್ನುವ ಪ್ರಶ್ನೆಯೇ ತಪ್ಪು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

‘ನಮ್ಮ ತಾತ ಕೊಬ್ಬರಿ ತಿಂದೇ 90 ವರ್ಷ ಬದುಕಿದ್ರು’ ಅನ್ನುವ ಪತ್ರಗಳೂ ಬರುತ್ತವೆ. ತಾತನ ಕಾಲದಲ್ಲಿ ಚಟ್ನಿಗೆ, ಸಾರಿಗೆ ಕಾಯಿ ಬೀಳುತ್ತಿತ್ತು, ಕರಿದ ತಿಂಡಿ ಹಬ್ಬಕ್ಕೆ ಮಾತ್ರ. ಮುದ್ದೆ ಉಂಡು ಹೊಲಕ್ಕೆ ಹೋದವರು ಸಂಜೆಯವರೆಗೆ ಬಗ್ಗಿ ದುಡಿಯುತ್ತಿದ್ದರು. ನಾವು ಸಂಜೆಗೆ ಬೋಂಡಾ ತಿಂದು ಟಿವಿ ಮುಂದೆ ಕೂರುತ್ತೇವೆ. ಒಗ್ಗರಣೆಗೆ, ಚಟ್ನಿಗೆ ಕಾಯಿ ಹಾಕಿಕೊಳ್ಳಿ, ನನ್ನ ತಕರಾರಿಲ್ಲ. ದಿನಾ ಕೊಬ್ಬರಿ ಎಣ್ಣೆಯಲ್ಲೇ ಅಡುಗೆ ಅನ್ನುವುದು ಬೇರೆ ಮಾತು.

ಪ್ರಮಾಣದ ವಿಷಯ ಚಿಕ್ಕದು, ಆದರೆ ಯಾರೂ ಕೇಳುವುದಿಲ್ಲ. 2024ರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ 27 ಗ್ರಾಂ ಎಣ್ಣೆ, ತುಪ್ಪ ಎಲ್ಲ ಸೇರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್ ಸುಮಾರು. ನಿಮ್ಮ ಮನೆಯಲ್ಲಿ ಎಷ್ಟು ಖರ್ಚಾಗುತ್ತದೆ, ಕ್ಯಾನ್ ನೋಡಿ ಹೇಳಿ. ಮತ್ತೆ, ಡಾಕ್ಟರು ಮಾತ್ರೆ ಕೊಟ್ಟಿದ್ದರೆ ಎಣ್ಣೆ ನೆಪ ಹೇಳಿ ನಿಲ್ಲಿಸಬೇಡಿ.

ಗಾಣದ ಎಣ್ಣೆ ಅಂದಿರಲ್ಲ, ನೀವು ಕೇಳದೇ ಇರುವ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಭಯ ಕೊಲೆಸ್ಟ್ರಾಲಿನದಲ್ಲ, ಬೂಷ್ಟಿನದು. ನಮ್ಮ ಕಡೆ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಡುತ್ತದೆ, ಕಿತ್ತು ಒಟ್ಟಿದ ಮೇಲೆ ಸುರಿಯುತ್ತದೆ. ಎರಡೂ ಆಸ್ಪರ್ಜಿಲಸ್ ಎಂಬ ಬೂಷ್ಟಿಗೆ ಅನುಕೂಲ. ಅದು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಲಿವರ್ ಕ್ಯಾನ್ಸರ್‌ಗೆ ಕಾರಣವಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಗೊತ್ತಾಯಿತು. ಅವು ತಿಂದಿದ್ದು ಕಡಲೆಕಾಯಿ ಹಿಂಡಿ.

ರಿಫೈನ್ ಮಾಡುವಾಗ ಈ ವಿಷ ಬಹುತೇಕ ಹೋಗುತ್ತದೆ. ಗಾಣದಲ್ಲಿ ಹೋಗುವುದಿಲ್ಲ. ಎಣ್ಣೆ ಕಾಯಿಸಿದರೂ ಹೋಗುವುದಿಲ್ಲ. ಒಳ್ಳೆಯ ಬೀಜವನ್ನು ಮಂಡಿಗೆ ಕಳಿಸಿ, ಜೊಳ್ಳು, ಮುಕ್ಕು, ಬಣ್ಣಗೆಟ್ಟಿದ್ದನ್ನು ಮನೆ ಎಣ್ಣೆಗೆ ಅಂತ ಇಟ್ಟುಕೊಳ್ಳುವ ಅಭ್ಯಾಸ ಇದೆಯಲ್ಲ, ಅದನ್ನು ಬಿಡಿ. ವಿಷ ಹೆಚ್ಚಾಗಿ ಇರುವುದು ಅಂಥ ಬೀಜದಲ್ಲೇ. ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನುವಷ್ಟು ಒಣಗಿಸಿ, ಬೀಜ ಆರಿಸಿ, ಆಮೇಲೆ ಗಾಣಕ್ಕೆ ಕೊಡಿ. ಎಣ್ಣೆ ತಿಳಿಯಾಗುವವರೆಗೆ ಬಿಟ್ಟು, ಗಷ್ಟು ಇಳಿದ ಮೇಲೆ ಮೇಲಿನದನ್ನು ಬಸಿದುಕೊಳ್ಳಿ.

ಆರಿಸಿ ತೆಗೆದ ಬೂಷ್ಟು ಬೀಜವನ್ನು ಹಸುವಿಗೂ ಹಾಕಬೇಡಿ. ಹಿಂಡಿ ಬೂಷ್ಟು ಹಿಡಿದಿದ್ದರೆ ಅದನ್ನೂ ಹಾಕಬೇಡಿ. ಕೋಲಾರ, ಚಿಕ್ಕಬಳ್ಳಾಪುರದ ಹೈನುಗಾರರಿಗೂ ಈ ಮಾತು. ಎಣ್ಣೆ ಹಿಂಡಿದ ಮೇಲೆ ಹೆಚ್ಚಿನ ವಿಷ ಉಳಿಯುವುದು ಹಿಂಡಿಯಲ್ಲೇ. ಹಸು ತಿಂದರೆ ಅದು ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ, ಹಾಲು ಕಾಯಿಸಿದರೆ ಹೋಗುವುದಿಲ್ಲ. ಕೆಟ್ಟ ಹಿಂಡಿ ನಿಲ್ಲಿಸಿದರೆ ನಾಲ್ಕೈದು ದಿನದಲ್ಲಿ ಹಾಲು ಸರಿಹೋಗುತ್ತದೆ.