ಹುಲ್ಲಿಗೆ ಬಿಟ್ಟ ನೀರು ವಾಪಸ್ ಬರುವುದಿಲ್ಲ

ಸೆಪ್ಟೆಂಬರ್ 1 ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಲಾಸ್ ವೇಗಸ್‌ನಲ್ಲಿ ಆ ದಿನದಿಂದ ಮನೆಯಂಗಳದ ಹುಲ್ಲಿಗೆ ವಾರಕ್ಕೆ ಮೂರೇ ದಿನ ನೀರು ಬಿಡಬಹುದು. ಹಿಂದಿನ ದಿನದವರೆಗೆ ಭಾನುವಾರ ಬಿಟ್ಟು ಆರು ದಿನವೂ ಬಿಡಬಹುದಿತ್ತು. ಹೊರಗೆ ನೋಡಿದರೆ ಬಿಸಿಲು ಇನ್ನೂ 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲೇ ಇರುತ್ತದೆ. "ಬಿಸಿಲು ಕಮ್ಮಿ ಆಗಿಲ್ಲ, ನೀರು ಮಾತ್ರ ಅರ್ಧ ಮಾಡಿಬಿಟ್ರಲ್ಲ, ಹುಲ್ಲು ಸಾಯಲ್ವಾ?" ಎಂದು ಜನ ಕೇಳುತ್ತಾರೆ.

ಸಾಯುವುದಿಲ್ಲ. ಹದಿನಾಲ್ಕು ವರ್ಷಗಳಿಂದ ಈ ಊರಿನ ಮನೆಗಳಿಗೆ ಸ್ಪ್ರಿಂಕ್ಲರ್, ಡ್ರಿಪ್ ಹಾಕಿಕೊಡುವುದೇ ನನ್ನ ಕೆಲಸ. ಮೂರು ದಿನದ ನೀರಿಗೆ ಸತ್ತ ಹುಲ್ಲಿಗಿಂತ ತಪ್ಪಾಗಿ ನೀರು ಬಿಟ್ಟು ಕೆಟ್ಟ ಹುಲ್ಲನ್ನೇ ನಾನು ಜಾಸ್ತಿ ನೋಡಿದ್ದೇನೆ. ಸೆಪ್ಟೆಂಬರ್‌ನಲ್ಲಿ ಮಧ್ಯಾಹ್ನ ಸುಡುತ್ತದೆ ನಿಜ. ಆದರೆ ಹಗಲು ಚಿಕ್ಕದಾಗಿರುತ್ತದೆ, ರಾತ್ರಿ ತಣ್ಣಗಾಗಲು ಶುರುವಾಗಿರುತ್ತದೆ. ಜುಲೈನಲ್ಲಿ ಕುಡಿದಷ್ಟು ನೀರನ್ನು ಹುಲ್ಲು ಈಗ ಕುಡಿಯುವುದಿಲ್ಲ.

ನಿಯಮ ಸರಳ. ಮೇ 1ರಿಂದ ಆಗಸ್ಟ್ ಕೊನೆಯವರೆಗೆ ಆರು ದಿನ, ಆದರೆ ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ಸ್ಪ್ರಿಂಕ್ಲರ್ ಓಡಿಸುವಂತಿಲ್ಲ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮೂರು ದಿನ. ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಒಂದೇ ದಿನ. ಮಾರ್ಚ್, ಏಪ್ರಿಲ್ ಮತ್ತೆ ಮೂರು ದಿನ. ವಾರದಲ್ಲಿ ಯಾವ ಯಾವ ದಿನ ಎಂಬುದು ನಿಮ್ಮ ವಿಳಾಸಕ್ಕೆ ಕೊಟ್ಟಿರುವ ಗುಂಪಿನ ಮೇಲೆ ಹೋಗುತ್ತದೆ. ಭಾನುವಾರ ವರ್ಷಪೂರ್ತಿ ಯಾರಿಗೂ ಇಲ್ಲ.

ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಸ್ನಾನಕ್ಕೆ ಮಿತಿ ಇಲ್ಲ, ಪಾತ್ರೆ ತೊಳೆಯಲು ಮಿತಿ ಇಲ್ಲ, ಹುಲ್ಲಿನ ಮೇಲೆ ಮಾತ್ರ ಯಾಕಿಷ್ಟು ಕಣ್ಣು? ಇದು ಅರ್ಥವಾಗದಿದ್ದರೆ ನಿಯಮ ಬರೀ ಕಿರಿಕಿರಿ ಅನ್ನಿಸುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ನೀರಿನಲ್ಲಿ ಸುಮಾರು 90% ಬರುವುದು ಕೊಲೊರಾಡೊ ನದಿಯಿಂದ, ಹೂವರ್ ಅಣೆಕಟ್ಟೆಯ ಹಿಂದಿನ ಲೇಕ್ ಮೀಡ್ ಮೂಲಕ. ಏಳು ರಾಜ್ಯಗಳು ಆ ನದಿಯನ್ನು ಹಂಚಿಕೊಂಡಿವೆ. ಅದರಲ್ಲಿ ನಮ್ಮ ರಾಜ್ಯ ನೆವಾಡಾದ ಪಾಲು ಎಲ್ಲರಿಗಿಂತ ಚಿಕ್ಕದು: ವರ್ಷಕ್ಕೆ 3 ಲಕ್ಷ ಎಕರೆ ಅಡಿ. ಟಿಎಂಸಿ ಲೆಕ್ಕದಲ್ಲಿ ಸುಮಾರು 13. ಕೆಆರ್‌ಎಸ್ ತುಂಬಿದಾಗ 49 ಟಿಎಂಸಿ ನೀರಿರುತ್ತದೆ, ಅಲ್ವಾ? ಅದರ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದೂ ಪೂರ್ತಿ ಸಿಗುತ್ತಿಲ್ಲ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈ ನದಿಗೆ ಮೊದಲ ಬಾರಿ ಕೊರತೆ ಘೋಷಿಸಿ ಪಾಲು ಕಡಿತ ಮಾಡಿತು. ಮರುವರ್ಷ ಜುಲೈನಲ್ಲಿ ಸರೋವರದ ಮಟ್ಟ (ಸಮುದ್ರ ಮಟ್ಟದಿಂದ ಅಳೆದ ಎತ್ತರ) 1,040 ಅಡಿಯ ಹತ್ತಿರಕ್ಕೆ ಇಳಿಯಿತು. 1937ರಲ್ಲಿ ಸರೋವರ ತುಂಬಿಕೊಳ್ಳುತ್ತಿದ್ದ ಕಾಲದ ನಂತರ ಅಷ್ಟು ಕೆಳಗೆ ಹೋಗಿರಲಿಲ್ಲ. ಬಂಡೆಗಳ ಮೇಲೆ ಹಳೆಯ ನೀರಿನ ಗುರುತಾಗಿ ಬಿಳಿ ಪಟ್ಟಿ ಕಾಣುತ್ತದೆ. ದೋಣಿಯಲ್ಲಿ ಹತ್ತಿರ ಹೋಗಿ ತಲೆ ಎತ್ತಿ ನೋಡಿದ ದಿನ ನನಗೆ ಭಯವಾಗಿತ್ತು.

ಇನ್ನು ಲೆಕ್ಕದ ಮುಖ್ಯ ಭಾಗ. ಮನೆಯೊಳಗೆ ಸಿಂಕ್, ಬಚ್ಚಲು, ಟಾಯ್ಲೆಟ್‌ಗೆ ಹೋದ ನೀರು ಹೆಚ್ಚೂಕಮ್ಮಿ ಪೂರ್ತಿ ಶುದ್ಧವಾಗಿ ಮತ್ತೆ ಲೇಕ್ ಮೀಡ್ ಸೇರುತ್ತದೆ. ಹಾಗೆ ವಾಪಸ್ ಕೊಟ್ಟಷ್ಟು ನೀರನ್ನು ನಾವು ಮತ್ತೆ ತೆಗೆದುಕೊಳ್ಳಬಹುದು. ಹುಲ್ಲಿಗೆ ಬಿಟ್ಟ ನೀರು ಗಾಳಿಗೆ ಹೋಯಿತು. ವರ್ಷಕ್ಕೆ ಸುಮಾರು 4 ಇಂಚು ಮಳೆ ಬೀಳುವ ಊರಿನಲ್ಲಿ ಅದು ಮಳೆಯಾಗಿ ನಮಗೆ ತಿರುಗಿ ಸಿಗುವುದಿಲ್ಲ. ಒಳಗಿನ ನೀರು ಕೈಗಡ, ಹೊರಗಿನದು ಖರ್ಚು. ಈ ಊರಿನ ಜನಸಂಖ್ಯೆ 2002ರಿಂದ ಈಚೆಗೆ 7 ಲಕ್ಷಕ್ಕೂ ಹೆಚ್ಚು ಬೆಳೆದಿದ್ದರೂ ನದಿಯಿಂದ ಖರ್ಚು ಮಾಡುವ ಒಟ್ಟು ನೀರು ಅಂದಿಗಿಂತ ಕಡಿಮೆಯಾಗಿದೆ. ಅದರಲ್ಲಿ ದೊಡ್ಡ ಪಾಲು ಹುಲ್ಲಿನ ವಿಚಾರದಲ್ಲಿ ಜನ ಮಾಡಿದ ಬದಲಾವಣೆಯದು.

ಕಳೆದ ವರ್ಷ ದಾವಣಗೆರೆ ಕಡೆಯವರೊಬ್ಬರ ಮನೆಗೆ ಹೋಗಿದ್ದೆ. ಹುಲ್ಲಿನ ನಡುವೆ ಹಾಸಿಗೆಯಷ್ಟು ಜಾಗ ಒಣಗಿತ್ತು. ಅವರು ಟೈಮರನ್ನು 12 ನಿಮಿಷದಿಂದ 20ಕ್ಕೆ ಏರಿಸಿದ್ದರು. ಒಣಗಿದ ಜಾಗ ಹಾಗೇ ಇತ್ತು, ನೀರು ಮಾತ್ರ ಫುಟ್‌ಪಾತ್ ದಾಟಿ ರಸ್ತೆಗೆ ಹರಿದಿತ್ತು. ನೀರು ಸರಬರಾಜಿನವರು ವಿಡಿಯೊ ತೆಗೆದು ನೋಟಿಸ್ ಕಳಿಸಿದ್ದರು. ಮನೆಯ ಎಲ್ಲೆ ದಾಟಿ ನೀರು ಹರಿದರೆ ಅದು ನಿಮ್ಮ ದಿನವೇ ಆಗಿದ್ದರೂ ತಪ್ಪೇ. ದಂಡ 80 ಡಾಲರ್‌ನಿಂದ ಶುರುವಾಗಿ, ತಪ್ಪು ಮರುಕಳಿಸಿದರೆ ಏರುತ್ತದೆ.

ಊರಿಂದ ಬಂದಿದ್ದ ಅವರ ತಾಯಿಯ ಹತ್ತಿರ, "ಅಮ್ಮ, ಆರು ಸ್ಟೀಲ್ ಬಟ್ಟಲು ಕೊಡ್ತೀರಾ?" ಎಂದೆ. ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು ನಾಲ್ಕು ನಿಮಿಷ ನೀರು ಬಿಟ್ಟೆವು. ಐದು ಬಟ್ಟಲಲ್ಲಿ ನೀರು ಬಿದ್ದಿತ್ತು. ಒಣಗಿದ ಜಾಗದಲ್ಲಿ ಇಟ್ಟಿದ್ದು ಒಣಗಿಯೇ ಇತ್ತು. "ಇದಕ್ಕೆ ಬೀಳೋದೇ ಇಲ್ವಲ್ಲಪ್ಪ" ಎಂದು ಅಮ್ಮನೇ ಹೇಳಿದರು. ಪಕ್ಕದ ಸ್ಪ್ರಿಂಕ್ಲರ್ ಮಣ್ಣಿನಲ್ಲಿ ಹೂತು ಹೋಗಿ, ಸುತ್ತಲಿನ ಹುಲ್ಲು ಅದರ ನೀರನ್ನು ತಡೆಯುತ್ತಿತ್ತು. ಅದನ್ನು ಎತ್ತಿ ಕೂರಿಸಲು ಅರ್ಧ ಗಂಟೆ ಸಾಕಾಯಿತು. ಹುಲ್ಲು ಒಣಗಿದ ಕೂಡಲೇ ನಿಮಿಷ ಏರಿಸಬೇಡಿ, ಮೊದಲು ಬಟ್ಟಲು ಇಡಿ.

ಇಲ್ಲಿನ ಮಣ್ಣಿನ ಗುಣವೂ ತಿಳಿದಿರಬೇಕು. ತುಸು ಅಗೆದರೆ ಬಹಳ ಕಡೆ ಕ್ಯಾಲಿಚೆ ಸಿಗುತ್ತದೆ, ಸುಣ್ಣ ಗಟ್ಟಿಯಾಗಿ ಸಿಮೆಂಟಿನಂತಾದ ಪದರ. ಮೇಲಿನ ಮಣ್ಣೂ ನೀರನ್ನು ನಿಧಾನಕ್ಕೆ ಕುಡಿಯುತ್ತದೆ. ಒಂದೇ ಸಲ 12 ನಿಮಿಷ ಬಿಟ್ಟರೆ ಅರ್ಧ ರಸ್ತೆಗೆ ಹೋಗುತ್ತದೆ. ಅದಕ್ಕೇ ನಾಲ್ಕು ನಾಲ್ಕು ನಿಮಿಷದಂತೆ ಮೂರು ಸಲ, ನಡುವೆ ಒಂದೊಂದು ಗಂಟೆ ಬಿಡುವು. ಬೆಳಗಿನ ಜಾವ ಮೂರು, ನಾಲ್ಕು, ಐದು ಗಂಟೆಗೆ ಇಟ್ಟರೆ ಗಾಳಿಯೂ ಕಡಿಮೆ. ಆಮೇಲೆ ಒಂದು ಉದ್ದ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಆರು ಇಂಚು ಸಲೀಸಾಗಿ ಇಳಿದರೆ ನೀರು ಬೇರಿಗೆ ತಲುಪಿದೆ ಎಂದರ್ಥ.

ಟೈಮರ್‌ನಲ್ಲಿ ಒಂದು ತಪ್ಪು ತುಂಬಾ ಸಾಮಾನ್ಯ. ಶುರುವಾಗುವ ಸಮಯ ಮೂರು ಇಟ್ಟರೆ ಮೂರು ಸಲವೂ ಪೂರ್ತಿ ನಿಮಿಷ ಓಡುತ್ತದೆ. 12 ನಿಮಿಷ ಹಾಗೇ ಬಿಟ್ಟು ಮೂರು ಸಮಯ ಹಾಕಿದವರ ಮನೆಯಲ್ಲಿ 36 ನಿಮಿಷ ನೀರು ಹೋಗುತ್ತಿರುತ್ತದೆ. ಮೊದಲು ನಿಮಿಷವನ್ನು ನಾಲ್ಕಕ್ಕೆ ಇಳಿಸಿ. ಟೈಮರ್‌ನ ಎರಡನೇ ವೇಳಾಪಟ್ಟಿಯಾದ ಬಿ ಪ್ರೋಗ್ರಾಮ್‌ನಲ್ಲಿ ಹಿಂದಿನವರು ಬಿಟ್ಟುಹೋದ ಸಮಯ ಏನಾದರೂ ಇದೆಯಾ ಅಂತ ಅದನ್ನೂ ನೋಡಿ.

"2027ಕ್ಕೆ ಹುಲ್ಲೆಲ್ಲಾ ಕೀಳಿಸ್ತಾರಂತೆ, ನಿಜಾನಾ?" ಎಂದು ಗಾಬರಿಯಾಗಿ ಕೇಳುವವರೂ ಇದ್ದಾರೆ. 2021ರಲ್ಲಿ ನೆವಾಡಾ ಮಾಡಿದ ಕಾನೂನು ರಸ್ತೆ ಬದಿ, ಕಚೇರಿ, ಅಂಗಡಿಗಳ ಮುಂದೆ ಮತ್ತು ಬಡಾವಣೆಗಳ ಸಾಮೂಹಿಕ ಜಾಗದಲ್ಲಿ ಬರೀ ನೋಟಕ್ಕಿರುವ ಹುಲ್ಲಿನ ಬಗ್ಗೆ. ಅದಕ್ಕೆ 2027ರ ಜನವರಿ 1ರಿಂದ ಕೊಲೊರಾಡೊ ನೀರು ಹಾಕುವಂತಿಲ್ಲ. ಒಂದೇ ಕುಟುಂಬದ ಬಿಡಿ ಮನೆಯ ಹುಲ್ಲಿಗೆ ಆ ಕಾನೂನು ಅನ್ವಯಿಸುವುದಿಲ್ಲ.

ಆದರೂ ನನ್ನನ್ನು ಕೇಳಿದರೆ, ಮಕ್ಕಳು ಆಡುವ ಹಿತ್ತಲಿನ ಹುಲ್ಲು ಇಟ್ಟುಕೊಳ್ಳಿ, ಯಾರೂ ಕಾಲಿಡದ ಮುಂದಿನ ಹುಲ್ಲು ತೆಗೆಯಿರಿ. ಒಂದು ಚದರ ಅಡಿ ಹುಲ್ಲು ವರ್ಷಕ್ಕೆ ಸುಮಾರು 73 ಗ್ಯಾಲನ್ ಕುಡಿಯುತ್ತದೆ. ಅದೇ ಜಾಗದಲ್ಲಿ ಮರುಭೂಮಿಯ ಗಿಡಗಳಿದ್ದರೆ 18 ಸಾಕು. 500 ಚದರ ಅಡಿ ತೆಗೆದರೆ ವರ್ಷಕ್ಕೆ ಒಂದು ಲಕ್ಷ ಲೀಟರ್‌ಗೂ ಹೆಚ್ಚು ಉಳಿಯುತ್ತದೆ. 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 17 ಟ್ಯಾಂಕರ್. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಕಾದವರು ನಿಮ್ಮ ಮನೆಯಲ್ಲೇ ಇರಬಹುದು, ಕೇಳಿ ನೋಡಿ. ಹುಲ್ಲು ತೆಗೆಯಲು ಇಲ್ಲಿನ ಜಲ ಪ್ರಾಧಿಕಾರ ಚದರ ಅಡಿಗೆ ಇಷ್ಟು ಅಂತ ಹಣವನ್ನೂ ಕೊಡುತ್ತದೆ. ಕೀಳುವ ಮೊದಲೇ ಅರ್ಜಿ ಹಾಕಬೇಕು. ಕಿತ್ತ ಮೇಲೆ ಹೋದರೆ ಸಿಗುವುದಿಲ್ಲ.

ಹುಲ್ಲಿನ ನಡುವೆ ಮರವಿದ್ದರೆ ಮಾತ್ರ ಅವಸರ ಬೇಡ. ಅದು ಇಷ್ಟು ವರ್ಷ ಹುಲ್ಲಿನ ನೀರನ್ನೇ ಕುಡಿದು ಬೆಳೆದಿರುತ್ತದೆ. ಸ್ಪ್ರಿಂಕ್ಲರ್ ನಿಲ್ಲಿಸಿ ಸುಮ್ನೆ ಬಿಟ್ಟರೆ ಒಂದೆರಡು ಬೇಸಿಗೆಯಲ್ಲಿ ಮರ ಹೋಗುತ್ತದೆ. ಇಪ್ಪತ್ತು ವರ್ಷದ ನೆರಳನ್ನು ಹಾಗೆ ಕಳೆದುಕೊಂಡ ಮನೆಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಮೊದಲು ಮರಕ್ಕೆ ಬೇರೆ ಡ್ರಿಪ್ ಲೈನ್ ಎಳೆಯಿರಿ. ಬುಡಕ್ಕಲ್ಲ, ಕೊಂಬೆಗಳ ಅಂಚು ಎಲ್ಲಿಯವರೆಗೆ ಚಾಚಿದೆಯೋ ಅಲ್ಲಿಯವರೆಗೆ ಸುತ್ತಲೂ. ಒಂದು ತಿಂಗಳು ಅದು ಸರಿಯಾಗಿ ಓಡಿದ ಮೇಲೆ ಹುಲ್ಲಿಗೆ ಗುದ್ದಲಿ ಹಾಕಿ.