ಸರಾಸರಿ 2.37 ಹಸು

ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿರುವವರನ್ನು ಮಾತಾಡಿಸಿ ನೋಡಿ. ಥೀಸಿಸ್ ಎಲ್ಲಿಗೆ ಬಂತು ಅಂದರೆ ಎಷ್ಟೋ ಜನ ಮೊದಲು ಹೇಳುವುದೇ ಪರ್ಸೆಂಟೇಜ್. "ಹದಿನಾಲ್ಕು ತೋರಿಸ್ತಿದೆ, ಹತ್ತರೊಳಗೆ ಇಳಿಸಬೇಕು." ಇದು ಕೃತಿಚೌರ್ಯ ಹುಡುಕುವ ಸಾಫ್ಟ್‌ವೇರ್ ಕೊಡುವ ಅಂಕಿ. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡ ಇಲ್ಲ. 10ರಿಂದ 40ರವರೆಗೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದು. ಭಯ ಪಡುವುದು ಸಹಜ ಬಿಡಿ. ಆದರೆ ಪರ್ಸೆಂಟೇಜ್ ಕಡಿಮೆ ಬಂದರೆ ಸಂಶೋಧನೆ ಪ್ರಾಮಾಣಿಕ ಅಂತ ನಂಬುವುದಿದೆಯಲ್ಲ, ನನಗೆ ತಲೆ ಕೆಡುವುದು ಅಲ್ಲಿ.

ಆ ಸಾಫ್ಟ್‌ವೇರ್ ನೋಡುವುದು ಪದಗಳನ್ನು. ರೂಮಿನಲ್ಲಿ ಕೂತು ಇನ್ನೂರು ರೈತರ ಪ್ರಶ್ನಾವಳಿಯನ್ನು ತಾನೇ ತುಂಬಿದವನಿಗೂ ಸೊನ್ನೆ ಪರ್ಸೆಂಟ್ ಬರಬಹುದು, ಯಾಕೆಂದರೆ ಅವನ ಅಂಕಿಗಳು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ! ಡೇರಿಯಲ್ಲಿ ಲೀಟರ್ ಅಳೆದು, ಫ್ಯಾಟ್ ನೋಡದೆ ಹಾಲು ಹಾಕಿಸಿಕೊಂಡ ಹಾಗಾಯಿತು ಇದು. ಇನ್ನು "ಐಎಸ್‌ಎಸ್‌ಎನ್ ಇರುವ ಇಂಟರ್‌ನ್ಯಾಷನಲ್ ಜರ್ನಲ್" ಅನ್ನುವ ಜಂಬದ ಬಗ್ಗೆ ಹೇಳುವುದೇ ಬೇಡ. ಅದು ಪತ್ರಿಕೆಯನ್ನು ಗುರುತಿಸುವ ಎಂಟು ಅಂಕಿಯ ನಂಬರ್ ಅಷ್ಟೇ. ಒಳಗೆ ಏನಿದೆ ಅಂತ ಅದಕ್ಕೇನು ಗೊತ್ತು?

ಸುಳ್ಳು ಅಂಕಿ ಹಿಡಿಯಲು ದೊಡ್ಡ ಯಂತ್ರವೇ ಬೇಕು ಅಂದುಕೊಳ್ಳಬೇಡಿ. ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ ಅನ್ನುವ ಇಬ್ಬರು 2016ರಲ್ಲಿ ಒಂದು ಪರೀಕ್ಷೆ ಮುಂದಿಟ್ಟರು. ಹೆಸರು ಗ್ರಿಮ್. ಅದಕ್ಕೆ ಭಾಗಾಕಾರ ಬಂದರೆ ಸಾಕು. ಇದನ್ನು ಮೊದಲು ಓದಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಪಾಂಡವಪುರದ ಹತ್ತಿರ ಒಂದು ಊರಲ್ಲಿ 28 ಮನೆ ಸರ್ವೆ ಮಾಡಿದ್ದೀರಿ ಅಂದುಕೊಳ್ಳಿ. ಪ್ರಶ್ನೆ: ಮನೆಯಲ್ಲಿ ಎಷ್ಟು ಹಸು? ಉತ್ತರ 0, 1, 2, 3, ಹೀಗೆ. ಅರ್ಧ ಹಸು ಯಾರ ಕೊಟ್ಟಿಗೆಯಲ್ಲೂ ಇರಲ್ಲ, ಅಲ್ವಾ? ಅಂದರೆ ಒಟ್ಟು ಹಸುಗಳೂ ಪೂರ್ಣ ಸಂಖ್ಯೆಯೇ. ಈಗ ಪೇಪರಿನಲ್ಲಿ "ಸರಾಸರಿ 2.37" ಅಂತ ಅಚ್ಚಾಗಿದೆ. 66 ಹಸು ಇದ್ದರೆ ಸರಾಸರಿ 2.36. ಒಂದು ಹಸು ಜಾಸ್ತಿಯಾಗಿ 67 ಆದರೆ 2.39. ಮಧ್ಯದಲ್ಲಿ ಇನ್ನೊಂದು ಸಂಖ್ಯೆ ಇಲ್ಲ! 28 ಮನೆಯಲ್ಲಿ ಹಸುಗಳನ್ನು ಹೇಗೆ ಹಂಚಿದರೂ 2.37 ಬರುವುದು ಸಾಧ್ಯವೇ ಇಲ್ಲ. ಆ ಊರಿಗೆ ಹೋಗಬೇಕಾಗಿಲ್ಲ, ಸಂಶೋಧಕರನ್ನು ಕೇಳಬೇಕಾಗಿಲ್ಲ, ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲೇ ಗೊತ್ತಾಗಿಹೋಗುತ್ತದೆ.

ಬ್ರೌನ್ ಮತ್ತು ಹೀದರ್ಸ್ ಮನಃಶಾಸ್ತ್ರದ ಪತ್ರಿಕೆಗಳ ಲೇಖನಗಳನ್ನು ಹೀಗೆ ಜಾಲಾಡಿದರು. ಪರೀಕ್ಷೆಗೆ ಒಗ್ಗುವಂತಿದ್ದ 71ರಲ್ಲಿ 36 ಲೇಖನಗಳಲ್ಲಿ ಕನಿಷ್ಠ ಒಂದು ಅಸಾಧ್ಯ ಸರಾಸರಿ ಸಿಕ್ಕಿತು. 21 ಲೇಖನಗಳ ಮೂಲ ದತ್ತಾಂಶ ಕೇಳಿದರೆ ಕೊಟ್ಟವರು 9 ಕಡೆಯವರು ಮಾತ್ರ. ಆ ಒಂಬತ್ತರಲ್ಲೂ ತಪ್ಪು ಇದ್ದೇ ಇತ್ತು. ತಪ್ಪು ಅಂದ ಕೂಡಲೇ ಮೋಸ ಅಲ್ಲ, ಇದು ನೆನಪಿರಲಿ. ಟೈಪಿಂಗ್ ತಪ್ಪಿರಬಹುದು, ಒಬ್ಬರು ಆ ಪ್ರಶ್ನೆಗೆ ಉತ್ತರ ಕೊಡದೆ 28 ಅನ್ನುವುದು 27 ಆಗಿರಬಹುದು. ಆದರೆ ಯಾವುದು ಅಂತ ತಿಳಿಯಲು ಮೂಲ ಹಾಳೆ ತೋರಿಸಬೇಕು. ಅರ್ಧಕ್ಕಿಂತ ಹೆಚ್ಚಿನವರು ಅದನ್ನೇ ತೋರಿಸಲಿಲ್ಲ.

ಈ ಅನುಮಾನಕ್ಕೆ ಹಳೆಯ ಇತಿಹಾಸವಿದೆ. ಗುಣಗಳು ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಹೇಗೆ ಬರುತ್ತವೆ ಅಂತ ತಿಳಿಯಲು ಮೆಂಡಲ್ ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿ ಪ್ರಕಟಿಸಿದ್ದು 1866ರಲ್ಲಿ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಆ ಲೆಕ್ಕಗಳನ್ನು ಮತ್ತೆ ಮಾಡಿ, ಅಂಕಿಗಳು ಸಿದ್ಧಾಂತಕ್ಕೆ ಅತಿಯಾಗಿ ಹೊಂದುತ್ತವೆ ಅಂದರು. ಏನು ಬರಬೇಕು ಅಂತ ಗೊತ್ತಿದ್ದ ಸಹಾಯಕನೊಬ್ಬ ಕೈಯಾಡಿಸಿರಬಹುದು ಅನ್ನುವುದು ಅವರ ಊಹೆ. ಆ ಜಗಳ ದಶಕಗಟ್ಟಲೆ ನಡೆಯಿತು. ಮೆಂಡಲ್ ಹೇಳಿದ ನಿಯಮ ಮಾತ್ರ ಸರಿಯಾಗಿಯೇ ಇತ್ತು. ಅತಿಯಾಗಿ ಹೊಂದಿದರೆ ಅನುಮಾನ ಯಾಕೆ ಅಂತ ಮಂಡ್ಯದ ವಿ.ಸಿ. ಫಾರ್ಮ್‌ನಂಥ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭತ್ತದ ತಾಕು ಅಳೆದವರನ್ನು ಕೇಳಿ. ಒಂದು ತಾಕಿಗೆ ಇಲಿ ನುಗ್ಗಿರುತ್ತದೆ, ಇನ್ನೊಂದರಲ್ಲಿ ನೀರು ನಿಂತಿರುತ್ತದೆ, ಒಂದು ಮೂಲೆ ಬೇರೆಯದೇ ಇಳುವರಿ ಕೊಡುತ್ತದೆ. ನಿಜವಾದ ಅಂಕಿ ಒರಟಾಗಿರುತ್ತದೆ.

ಜಪಾನಿನ ಅರಿವಳಿಕೆ ವೈದ್ಯ ಯೋಶಿತಾಕಾ ಫುಜಿ ಸಿಕ್ಕಿಬಿದ್ದದ್ದೂ ಹೀಗೇ. ಅವರ ಲೇಖನಗಳಲ್ಲಿ ಬೇರೆ ಬೇರೆ ಔಷಧಿ ಪಡೆದ ಗುಂಪುಗಳಲ್ಲೂ ತಲೆನೋವು ಬಂದವರ ಲೆಕ್ಕ ಪದೇ ಪದೇ ಒಂದೇ. 2000ದಲ್ಲೇ ಜರ್ಮನಿಯ ವೈದ್ಯರು ಪತ್ರಿಕೆಗೆ ಬರೆದು, ಈ ಅಂಕಿಗಳು ನಂಬಲಾಗದಷ್ಟು ಚೆನ್ನಾಗಿವೆ ಅಂದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹನ್ನೆರಡು ವರ್ಷ ಕಳೆದು, 2012ರಲ್ಲಿ, ಬ್ರಿಟನ್ನಿನ ಜಾನ್ ಕಾರ್ಲೈಲ್ ಫುಜಿ ಅವರ 168 ಪ್ರಯೋಗಗಳ ಲೆಕ್ಕ ಬಿಡಿಸಿ ತೋರಿಸಿದರು. ಜಪಾನಿನ ಅರಿವಳಿಕೆ ವೈದ್ಯರ ಸಂಘ ಅದೇ ವರ್ಷ ತನಿಖೆ ಮಾಡಿ 172 ಲೇಖನಗಳಲ್ಲಿ ಸುಳ್ಳು ಅಂಕಿಗಳಿವೆ ಅಂತ ಹೇಳಿತು. ಇವುಗಳನ್ನೆಲ್ಲ ಪರಿಣತರು ಓದಿ ಒಪ್ಪಿಕೊಂಡೇ ಅಚ್ಚಾಗಿದ್ದು. ವಿಮರ್ಶಕರು ಸಾಮಾನ್ಯವಾಗಿ ಲೇಖನವನ್ನು ನಂಬಿಯೇ ಓದುತ್ತಾರೆ, ಕ್ಯಾಲ್ಕುಲೇಟರ್ ಹಿಡಿದು ಕೂರುವುದಿಲ್ಲ.

ಗ್ರಿಮ್‌ಗೂ ಮಿತಿ ಇದೆ. ಎರಡು ದಶಮಾಂಶ ಸ್ಥಾನಕ್ಕೆ ಸರಾಸರಿ ಬರೆದಿದ್ದರೆ ನೂರಕ್ಕಿಂತ ಕಡಿಮೆ ಜನರ ಅಧ್ಯಯನಕ್ಕೆ ಮಾತ್ರ ಇದು ನಡೆಯುತ್ತದೆ. ನೂರು ದಾಟಿದರೆ ಯಾವ ಸರಾಸರಿ ಬೇಕಾದರೂ ಬರಬಹುದು. ಕಬ್ಬಿನ ತೂಕ, ಮಳೆಯ ಅಳತೆಗೂ ಸುಮ್ನೆ ಇದನ್ನು ಹಚ್ಚಬೇಡಿ, ಅವು ಪೂರ್ಣ ಸಂಖ್ಯೆಗಳಲ್ಲ. ಹಸು, ಮಕ್ಕಳು, ಒಂದರಿಂದ ಐದರೊಳಗೆ ಗುರುತು ಹಾಕಿಸುವ ಪ್ರಶ್ನಾವಳಿ, ಇಂಥವಕ್ಕೆ ಚೆನ್ನಾಗಿ ಹೊಂದುತ್ತದೆ. ನಮ್ಮ ಸಮಾಜ ವಿಜ್ಞಾನ, ವಾಣಿಜ್ಯ ವಿಭಾಗಗಳ ಥೀಸಿಸ್‌ಗಳಲ್ಲಿ ಇಂಥ ಪ್ರಶ್ನಾವಳಿಗಳೇ ಜಾಸ್ತಿ. ವೈವಾಕ್ಕೆ ಬರುವ ಪರೀಕ್ಷಕರು ಒಂದು ಟೇಬಲ್ ತೆಗೆದು "ಒಟ್ಟು ಎಷ್ಟು ಬಂತಪ್ಪಾ?" ಅಂತ ಕೇಳಲು ಎರಡು ನಿಮಿಷ ಸಾಕು.