ಜಿಬಿಯ ಬೆಲೆ ಬೇರೆ, ಸಂಪರ್ಕದ ಬೆಲೆ ಬೇರೆ

ನಮ್ಮ ದೇಶದಲ್ಲಿ ಡೇಟಾ ಅಗ್ಗ ಎಂಬ ಮಾತು ಸುಳ್ಳಲ್ಲ. 2024ರ ಜುಲೈನಲ್ಲಿ ಜಿಯೋ ತನ್ನ ದಿನಕ್ಕೆ 1.5 ಜಿಬಿಯ, 28 ದಿನಗಳ ಪ್ಯಾಕನ್ನು 239 ರೂಪಾಯಿಯಿಂದ 299ಕ್ಕೆ ಏರಿಸಿದ ಮೇಲೂ ಜಿಬಿಯೊಂದಕ್ಕೆ ಬಿದ್ದದ್ದು ಸುಮಾರು 7 ರೂಪಾಯಿ. ಆದರೆ 299 ರೂಪಾಯಿಯನ್ನು ಒಟ್ಟಿಗೆ ಹೊಂದಿಸಲಾಗದೆ 189ರ ಪ್ಯಾಕಿಗೆ ಇಳಿದವರಿಗೆ ಇಡೀ ಅವಧಿಗೆ ಸಿಕ್ಕಿದ್ದು 2 ಜಿಬಿ. ಅದು ತೀರಿದ ಮೇಲೆ ಹಾಕಿಸಿಕೊಳ್ಳುವ ಬಿಡಿ ಜಿಬಿಗೆ ಆಗ 19 ರೂಪಾಯಿ ತೆರಬೇಕಿತ್ತು. ಕೈಯಲ್ಲಿ ದುಡ್ಡು ಕಡಿಮೆ ಇದ್ದವನೇ ಹೆಚ್ಚು ತೆರುವ ಈ ಲೆಕ್ಕ ಚಿಲ್ಲರೆ ಅಂಗಡಿಯಲ್ಲಿ ಕಾಲು ಕೆಜಿ ಸಕ್ಕರೆ ಕೊಳ್ಳುವವರಿಗೆ ಹೊಸದೇನಲ್ಲ. ಜೊತೆಗೆ, ತಿಂಗಳೆಂದರೆ 28 ದಿನವಾದ್ದರಿಂದ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್.

ಪ್ರವೇಶ ಮಟ್ಟದ ಬ್ರಾಡ್‌ಬ್ಯಾಂಡಿನ ವೆಚ್ಚ ತಲಾ ಮಾಸಿಕ ರಾಷ್ಟ್ರೀಯ ಆದಾಯದ ಶೇ 2ನ್ನು ಮೀರಬಾರದು ಎಂಬುದು ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗವು 2025ಕ್ಕೆಂದು ಇಟ್ಟುಕೊಂಡಿದ್ದ ಗುರಿ. ಅಳತೆಗೋಲೇನೋ ಒಳ್ಳೆಯದೇ, ಆದರೆ ಅದು ಸರಾಸರಿಯ ಅಳತೆ. ಕೊಯ್ಲಿನ ನಾಲ್ಕು ತಿಂಗಳು ಕೂಲಿ ಸಿಕ್ಕಿ, ಮಳೆಗಾಲದಲ್ಲಿ ಕೈ ಖಾಲಿಯಾಗುವ ಮನೆಗೆ ಸರಾಸರಿ ಆದಾಯ ಎಂಬುದು ಕಾಗದದ ಮೇಲಷ್ಟೇ ಇರುತ್ತದೆ.

ಮಲೆನಾಡಿನ ಹಳ್ಳಿಗಳಿಗೆ ಇಂಟರ್ನೆಟ್ ಫೈಬರ್ ಎಳೆಯುವ ಕೆಲಸದಲ್ಲಿರುವ ನಾನು ದುಡ್ಡನ್ನು ಒಟ್ಟಿಗೆ ಹೊಂದಿಸಬೇಕಾದ ಈ ಅಡ್ಡಿಯನ್ನು ಹೆಚ್ಚಾಗಿ ಕಂಡದ್ದು ಮನೆಯ ಸಂಪರ್ಕ ಕೊಡುವ ಮೊದಲ ದಿನ. ಜಾಹೀರಾತಿನಲ್ಲಿ 399 ಎಂದಿದ್ದದ್ದು ಶೇ 18ರ ಜಿಎಸ್‌ಟಿ ಸೇರಿ 471 ಆಗುತ್ತದೆ. ಅದರ ಮೇಲೆ ಮೋಡೆಮಿನ ಠೇವಣಿ, ಅಳವಡಿಕೆಯ ಶುಲ್ಕ, ಅದು ಬೇಡವೆಂದರೆ ಆರು ತಿಂಗಳ ಮುಂಗಡ. ಬೆಂಗಳೂರಿನ ವಸತಿ ಸಮುಚ್ಚಯದಲ್ಲಿ ಒಂದು ಫೈಬರನ್ನು ಹಲವು ಮನೆಗಳಿಗೆ ಹಂಚುವ, ಎಂಟು ಕವಲಿನ ಒಂದು ಸ್ಪ್ಲಿಟರ್ ಒಂದೇ ಮಹಡಿಯಲ್ಲಿ ಭರ್ತಿಯಾಗುತ್ತದೆ. ನಮ್ಮಲ್ಲಿ ಮನೆಗಳು ತೋಟಕ್ಕೊಂದರಂತೆ ಚದುರಿರುವುದರಿಂದ ಅದೇ ಸ್ಪ್ಲಿಟರಿನಲ್ಲಿ ಮೂರು ಕವಲಿಗೆ ಗಿರಾಕಿ ಸಿಕ್ಕರೆ ಹೆಚ್ಚು. ಸ್ಪ್ಲಿಟರಿನಿಂದ ಒಂದೊಂದು ಮನೆಗೂ ಕಾಲು ಕಿಲೋಮೀಟರ್ ಡ್ರಾಪ್ ವೈರ್ ಎಳೆಯಬೇಕು, ಕಂಬ ಸಿಗದ ಕಡೆ ಮರಕ್ಕೆ ಕಟ್ಟಬೇಕು, ಕೊಂಬೆ ಮುರಿದು ಬಿದ್ದ ಮರುದಿನ ತುಂಡಾದ ಫೈಬರನ್ನು ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಹೊತ್ತು ಹೋಗಬೇಕು. ಮುಂಗಾರಿನ ಮೊದಲ ಗುಡುಗಿಗೆ ಅಡಾಪ್ಟರ್ ಸುಟ್ಟರೆ ಅದರ ಖರ್ಚು ಯಾರದೆಂಬ ಜಗಳ ಬೇರೆ. ಇಷ್ಟನ್ನೂ ಕಂಪನಿ ಮೊದಲೇ ವಸೂಲು ಮಾಡಲು ನೋಡುವುದು ಅದರ ದೃಷ್ಟಿಯಿಂದ ಅನ್ಯಾಯವೆಂದು ನಾನು ಹೇಳಲಾರೆ. ಒಮ್ಮೆ ಅಂಗಳದ ಕಂಬದವರೆಗೆ ವೈರ್ ತಂದ ಮೇಲೆ ಆ ಮನೆಯಾಕೆ, "ತಿಂಗಳಿಗಾದ್ರೆ ಕೊಡ್ತೀವಣ್ಣ, ಒಂದೇ ಸಲ ಮೂರು ಸಾವಿರ ಎಲ್ಲಿಂದ ತರೋದು?" ಎಂದರು. ವೈರನ್ನು ಸುತ್ತಿ ಕಂಬಕ್ಕೇ ನೇತುಹಾಕಿ ಬಂದೆವು.

2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಸರ್ಕಾರಿ ಹಣದಲ್ಲಿ ಫೈಬರನ್ನು ಗ್ರಾಮ ಪಂಚಾಯಿತಿಗಳ ಬಾಗಿಲಿಗೆ ಒಯ್ಯಲು ಹೊರಟಿತು. ನನ್ನ ಅನುಭವದಲ್ಲಿ ಖರ್ಚಿನ ನಿಜವಾದ ಹೊರೆ ಶುರುವಾಗುವುದೇ ಪಂಚಾಯಿತಿಯ ಬಾಗಿಲಿನಿಂದ ಆಚೆಗೆ.

2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ವ್ಯವಸ್ಥೆಯನ್ನು ನಾನು ಇದೇ ಕಾರಣಕ್ಕೆ ಮೆಚ್ಚುತ್ತೇನೆ. ಕಿರಾಣಿ ಅಂಗಡಿಯವನು ಪರವಾನಗಿಯ ಗೋಜಿಲ್ಲದೆ ವೈಫೈ ಇಟ್ಟು ಐದು, ಹತ್ತು ರೂಪಾಯಿಗೆ ಮಾರಬಹುದು. ಕೊಳ್ಳುವವರ ಜೇಬಿಗೆ ಒಪ್ಪುವ ಕಂತು ಅದು. ಆದರೆ ಅಂಗಡಿಯವನಿಂದ ಮನೆಬಳಕೆಯ ದರದ ಬದಲು ದೊಡ್ಡ ಕಚೇರಿಗಳಿಗೆ ಮೀಸಲಾಗಿ ಕೊಡುವ ಲೀಸ್ಡ್ ಲೈನಿನ ದುಬಾರಿ ದರ ಕೇಳುವ ಪರಿಪಾಠದಿಂದ ಅದು ಸೊರಗಿತು. 200 ಎಂಬಿಪಿಎಸ್ ವೇಗದವರೆಗಿನ ಪ್ಲಾನುಗಳಿಗೆ ಮನೆದರದ ಎರಡು ಪಟ್ಟಿಗಿಂತ ಹೆಚ್ಚು ಪಡೆಯಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕಟ್ಟು ಹಾಕಿದ್ದು 2025ರ ಜೂನ್‌ನಲ್ಲಿ, ಎಂದರೆ ನಾಲ್ಕೂವರೆ ವರ್ಷದ ನಂತರ.

ಮನೆಗಳ ಮಟ್ಟಿಗೆ ನನ್ನ ಸಲಹೆ ಇಷ್ಟೇ: ಸಹಾಯಧನವನ್ನು ತಿಂಗಳ ದರದ ರಿಯಾಯಿತಿಗೆ ಹಂಚುವ ಬದಲು ಡ್ರಾಪ್ ವೈರ್ ಮತ್ತು ಮೋಡೆಮಿಗೆ ಕೊಡಬೇಕು, ಬಿಲ್ಲನ್ನು ವಾರದ ಲೆಕ್ಕದಲ್ಲೂ ಕಟ್ಟಲು ಬಿಡಬೇಕು. ಹಾಗಾದಲ್ಲಿ ಕಂಬಕ್ಕೆ ಸುತ್ತಿಟ್ಟ ಆ ವೈರನ್ನು ಒಳಗೆ ಎಳೆಯಲು ನಮಗೆ ಅರ್ಧ ಗಂಟೆ ಸಾಕು.